ಆಳವಿಲ್ಲದ ತೊಟ್ಟಿ: ಪಡಸಾಲೆಯ ಅಕ್ವೇರಿಯಂ ಆಕಾರ ಪಡೆದ ಬಗೆ

ಮನೆಯೊಳಗಿನ ಮೀನಿನ ತೊಟ್ಟಿ ಎಷ್ಟು ಉದ್ದವಿರಬೇಕು, ಎಷ್ಟು ಆಳವಿರಬೇಕು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಗಾಳಿ. ಮೀನಿಗೆ ಬೇಕಾದ ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ಬೆಳಕಿದ್ದಾಗ ಜಲಸಸ್ಯಗಳೂ ಒಂದಿಷ್ಟು ಕೂಡಿಸುತ್ತವೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಏರಿದರೆ ಅದು ಏಳೂವರೆ ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಮೇಲೆ ಸೇರಿದ ಆಮ್ಲಜನಕ ಕದಡದ ನೀರಿನಲ್ಲಿ ತಳ ಮುಟ್ಟುವುದು ಬಲು ನಿಧಾನ, ಏಕೆಂದರೆ ಅದು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ ಪಂಪು ಬರುವ ಮೊದಲು ಮೀನು ಸಾಕಿದವರೆಲ್ಲ, ಈ ಲೆಕ್ಕ ಗೊತ್ತಿದ್ದೋ ಇಲ್ಲದೆಯೋ, ಇದಕ್ಕೆ ತಲೆಬಾಗಲೇಬೇಕಿತ್ತು. ಇಂದು ಹೊಸ ಫ್ಯಾಶನ್ ಎಂಬಂತೆ ಮಾರಾಟವಾಗುವ ಉದ್ದನೆಯ, ಆಳವಿಲ್ಲದ ತೊಟ್ಟಿ ನಿಜಕ್ಕೂ ಹಳೆಯ ಆಕಾರವೊಂದರ ಮರುಪ್ರವೇಶ.

ಚೀನಾದಲ್ಲಿ ಗೋಲ್ಡ್‌ಫಿಶ್ ಸಾಕಣೆ ಮೊದಲು ನಡೆದದ್ದು ಕೊಳಗಳಲ್ಲಿ. ಮಿಂಗ್ ಅರಸರ ಕಾಲಕ್ಕೆ, ಅದರಲ್ಲೂ 16ನೇ ಶತಮಾನದಲ್ಲಿ, ಮೀನು ಕೊಳದಿಂದ ಅಂಗಳದ ಪಿಂಗಾಣಿ ಬಾನಿಗಳಿಗೆ ಬಂತು. ಬಾಯಿ ಅಗಲವಾದ ಈ ಬಾನಿಗಳಲ್ಲಿ ಮೀನು ಕಾಣುತ್ತಿದ್ದುದು ಮೇಲಿನಿಂದ ಮಾತ್ರ. ತಳಿ ಆಯ್ಕೆಯೂ ಆ ನೋಟಕ್ಕೆ ತಕ್ಕಂತೆಯೇ ಸಾಗಿತು. ಅಗಲ ಬೆನ್ನು, ಬೀಸಣಿಗೆಯಂತೆ ಹರಡಿದ ಜೋಡಿ ಬಾಲ, ತಲೆಯ ಮೇಲಿನ ಗಂಟು, ಹೊರಕ್ಕೆ ಚಾಚಿದ ಕಣ್ಣು ಇವೆಲ್ಲ ಮೇಲಿನಿಂದ ನೋಡುವವರ ಕಣ್ಣಿಗಾಗಿ ರೂಪುಗೊಂಡ ಲಕ್ಷಣಗಳು. ಜಪಾನಿಗೆ ಗೋಲ್ಡ್‌ಫಿಶ್ 16ನೇ ಶತಮಾನದ ಆರಂಭದಲ್ಲಿ ತಲುಪಿತು. ಯಾನಗಿಸಾವಾ ಮನೆತನ 1724ರಲ್ಲಿ ನಾರಾ ಬಳಿಯ ಕೋರಿಯಾಮಾಕ್ಕೆ ಬಂದು ನೆಲೆಸಿದಾಗ ಈ ಮೀನಿನ ಸಾಕಣೆಯೂ ಅವರ ಜೊತೆಗೆ ಬಂತು. ಆ ಊರು ಇಂದಿಗೂ ಗೋಲ್ಡ್‌ಫಿಶ್‌ಗೆ ಹೆಸರುವಾಸಿ. ಬೆನ್ನಿನ ಮೇಲೆ ಈಜುರೆಕ್ಕೆಯಿಲ್ಲದ ರಾಂಚು ಎಂಬ ಜಪಾನಿ ತಳಿಯನ್ನು ಆಳವಿಲ್ಲದ ಕೊಳಗಳಲ್ಲಿ ಬೆಳೆಸುತ್ತಾರೆ. ಸ್ಪರ್ಧೆಯ ದಿನ ಅದನ್ನು ಬಿಳಿಯ ಬೋಗುಣಿಯಲ್ಲಿ ಬಿಟ್ಟು, ತೀರ್ಪುಗಾರರು ಬಾಗಿ ಮೇಲಿನಿಂದಲೇ ಬೆನ್ನಿನ ಬಾಗು ಮತ್ತು ಬಾಲದ ಅಂದ ಅಳೆಯುತ್ತಾರೆ. ಗಾಜು ಈ ಪರಂಪರೆಗೆ ಬೇಕಾಗಿಯೇ ಇರಲಿಲ್ಲ.

17ನೇ ಶತಮಾನದಲ್ಲಿ ಗೋಲ್ಡ್‌ಫಿಶ್ ಯುರೋಪಿಗೆ ಹೋದಾಗ ಅದರ ಹಿಂದೆಯೇ ಬಾನಿಯೂ ಹೋಯಿತು. ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಮನೆಯ ಬೆಕ್ಕು 1747ರಲ್ಲಿ ಬಿದ್ದು ಸತ್ತದ್ದು ಇಂಥದ್ದೇ ಒಂದು ಚೀನೀ ಪಿಂಗಾಣಿ ಬಾನಿಗೆ. ಥಾಮಸ್ ಗ್ರೇ ಬರೆದ ಪದ್ಯದಿಂದಾಗಿ ಆ ಬೆಕ್ಕು ಸಾಹಿತ್ಯದಲ್ಲಿ ಉಳಿದುಕೊಂಡಿತು. ಬಾನಿಯ ಜಾಗಕ್ಕೆ ಬಂದ ಗುಂಡನೆಯ ಗಾಜಿನ ಬುರುಡೆ ಮೀನನ್ನು ಬದಿಯಿಂದ ತೋರಿಸಿತು, ಆದರೆ ಅದರ ಉಸಿರಿಗೇ ಕುತ್ತು ತಂದಿತು. 30 ಸೆಂಟಿಮೀಟರ್ ವ್ಯಾಸದ ಬುರುಡೆಯನ್ನು ಅರ್ಧಕ್ಕೆ ತುಂಬಿದರೆ 7 ಲೀಟರ್ ನೀರು ಹಿಡಿಯುತ್ತದೆ, ನೀರಿನ ಮೇಲ್ಮೈ ಸುಮಾರು 707 ಚದರ ಸೆಂಟಿಮೀಟರ್. ನೋಡಲು ಚೆನ್ನಾಗಿರಲಿ ಎಂದು 25 ಸೆಂಟಿಮೀಟರ್ ಎತ್ತರದವರೆಗೆ ತುಂಬಿದರೆ ನೀರು 13 ಲೀಟರಿಗೆ ಏರುತ್ತದೆ, ಮೇಲ್ಮೈ ಮಾತ್ರ 393 ಚದರ ಸೆಂಟಿಮೀಟರಿಗೆ ಕುಗ್ಗುತ್ತದೆ. ನೀರು ಹೆಚ್ಚು ಸುರಿದಷ್ಟೂ ಮೀನಿಗೆ ಗಾಳಿ ಕಡಿಮೆ. ಅಲಂಕಾರದ ವಸ್ತುಗಳಲ್ಲಿ ಇಷ್ಟು ಕ್ರೂರವಾದ ಆಕಾರ ಇನ್ನೊಂದಿಲ್ಲ. ಅದು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಗಾಳಿಯ ಸಮಸ್ಯೆಯನ್ನು ಲಂಡನ್ನಿನಲ್ಲಿ ಎದುರಿಸಿದ ಮೊದಲಿಗರಲ್ಲಿ ಒಬ್ಬರು ಆನಾ ಥಿನ್. 1846ರಲ್ಲಿ ಅವರು ಟಾರ್ಕಿ ಕಡಲ ತೀರದಿಂದ ಕಲ್ಲುಹವಳದ ಜೀವಿಗಳನ್ನು ಜಾಡಿಯಲ್ಲಿ ತಂದು ವೆಸ್ಟ್‌ಮಿನ್‌ಸ್ಟರ್‌ನ ಮನೆಯಲ್ಲಿ ಸಾಕತೊಡಗಿದರು. ಕಡಲ ನೀರು ಕೆಡದಿರಲು ಅವರು ಕಂಡುಕೊಂಡ ದಾರಿ, ತೆರೆದ ಕಿಟಕಿಯ ಮುಂದೆ ನಿಂತು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಹೊಯ್ಯುವುದು. ದಿನವೂ ಮುಕ್ಕಾಲು ಗಂಟೆಯವರೆಗೆ ಹಿಡಿಯುತ್ತಿದ್ದ ಈ ಕೆಲಸ ಮನೆಗೆಲಸದ ಹೆಂಗಸಿನ ಪಾಲಿಗೆ ಬಿತ್ತು. ಮರುವರ್ಷ ಅವರು ಕಡಲ ಸಸ್ಯಗಳನ್ನು ತರಿಸಿಕೊಂಡ ಮೇಲೆ ಹೊಯ್ಯುವ ಶ್ರಮ ತಗ್ಗಿತು. ಅದಕ್ಕೂ ಹಿಂದೆ, 1832ರಲ್ಲಿ, ಸಿಸಿಲಿಯ ಮೆಸ್ಸೀನಾದಲ್ಲಿ ಜಾನ್ ವಿಲ್ಪ್ರೋ-ಪವರ್ ಎಂಬ ಫ್ರೆಂಚ್ ಮಹಿಳೆ ಕಡಲ ಜೀವಿಗಳ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿ ಕಟ್ಟಿಸಿದ್ದರು, ಆದರೆ ಅದು ಪಡಸಾಲೆಯ ವಸ್ತುವಾಗಿರಲಿಲ್ಲ.

ಸಸ್ಯ ಮತ್ತು ಪ್ರಾಣಿಗಳ ಲೆಕ್ಕವನ್ನು ಸರಿಯಾಗಿ ಬಿಡಿಸಿಟ್ಟವರು ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್. 1849ರ ಮಾರ್ಚಿನಲ್ಲಿ ಅವರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ಉದ್ದೆಲೆಯ ಜಲಸಸ್ಯ ನೆಟ್ಟು, ಎರಡು ಸಣ್ಣ ಗೋಲ್ಡ್‌ಫಿಶ್ ಬಿಟ್ಟರು. ಸ್ವಲ್ಪ ಕಾಲದಲ್ಲಿ ಎಲೆಗಳು ಕೊಳೆತು ನೀರು ಮಬ್ಬಾಯಿತು. ಕೊಳದ ಬಸವನಹುಳುಗಳನ್ನು ಐದಾರು ಬಿಟ್ಟಾಗ ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಈ ಪ್ರಯೋಗವನ್ನು ಅವರು 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಸಮತೋಲನದ ತೊಟ್ಟಿ ಎಂಬ ಕಲ್ಪನೆ ಇಲ್ಲಿಂದ ಶುರುವಾಗಿ ಸುಮಾರು ನೂರು ವರ್ಷ ಹವ್ಯಾಸಿಗಳ ಮೇಲೆ ಹಿಡಿತ ಸಾಧಿಸಿತು. ಕಲ್ಪನೆ ಅರ್ಧ ಮಾತ್ರ ಸರಿ: ಕತ್ತಲಾದ ಮೇಲೆ ಸಸ್ಯವೂ ಆಮ್ಲಜನಕವನ್ನೇ ಬಳಸುತ್ತದೆ, ಆಗ ಮೀನನ್ನು ಉಳಿಸುವುದು ನೀರಿನ ಮೇಲ್ಮೈ.

ತೊಟ್ಟಿಯ ಆಕಾರದ ಬಗ್ಗೆಯೂ ವಾರಿಂಗ್ಟನ್ ಯೋಚಿಸಿದರು. ಕೊಳಕ್ಕಾಗಲಿ ಕಡಲಬಂಡೆಯ ನಡುವಿನ ಮಡುವಿಗಾಗಲಿ ಬೆಳಕು ಬೀಳುವುದು ಮೇಲಿನಿಂದ. ನಾಲ್ಕೂ ಬದಿ ಗಾಜಿದ್ದರೆ ಬೆಳಕು ಎಲ್ಲೆಡೆಯಿಂದ ನುಗ್ಗಿ ನೀರು ಹಸಿರುಗಟ್ಟುತ್ತದೆ. ಆದ್ದರಿಂದ ಅವರು ಮುಂಬದಿಗೆ ಮಾತ್ರ ಗಾಜು ಇಟ್ಟು, ಪಕ್ಕ ಮತ್ತು ಹಿಂಬದಿಗೆ ಸ್ಲೇಟು ಕಲ್ಲು ಹೂಡಿದ ತೊಟ್ಟಿ ರೂಪಿಸಿದರು. ಹಿಂಬದಿಯ ಕಲ್ಲು ನೆಟ್ಟಗಿರದೆ ತಳದಿಂದ ಹೊರಕ್ಕೆ ಇಳಿಜಾರಾಗಿ ಏರುತ್ತಿತ್ತು. ತಳ ಕಿರಿದು, ಬಾಯಿ ಅಗಲ. ಒಂದು ಕಡೆ ಆಳ, ಇನ್ನೊಂದು ಕಡೆ ಬೆರಳು ಮುಳುಗುವಷ್ಟು ನೀರು. ಅನಿಮೊನಿ, ಏಡಿಗಳಂಥ ಜೀವಿಗಳು ಇಳಿಜಾರಿನ ಮೇಲೆ ತಮಗೆ ಬೇಕಾದ ಆಳವನ್ನು ತಾವೇ ಆರಿಸಿಕೊಳ್ಳಬಹುದಿತ್ತು. ನೋಟಕ್ಕೆ ಒರಟಾದರೂ, 19ನೇ ಶತಮಾನದ ತೊಟ್ಟಿಗಳಲ್ಲಿ ಇದರಷ್ಟು ಬುದ್ಧಿವಂತಿಕೆಯಿಂದ ರೂಪಿಸಿದ್ದು ಮತ್ತೊಂದು ಸಿಗುವುದಿಲ್ಲ.

ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು 1845ರಲ್ಲಿ ರದ್ದು ಮಾಡಿತ್ತು. ದೊಡ್ಡ ಗಾಜಿನ ಹಲಗೆ ಮಧ್ಯಮ ವರ್ಗದ ಕೈಗೆಟುಕಿತು. 1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಎಂಬ ಬಣ್ಣದ ಚಿತ್ರಗಳ ಪುಸ್ತಕ ಬಂತು. ನಂತರದ ಕೆಲವು ವರ್ಷ ತೊಟ್ಟಿಯ ಹುಚ್ಚು ಇಂಗ್ಲೆಂಡನ್ನು ಆಳಿತು. 1856ರಲ್ಲಿ ಶರ್ಲಿ ಹಿಬರ್ಡ್ ಮನೆ ಅಲಂಕಾರದ ತಮ್ಮ ಪುಸ್ತಕದಲ್ಲಿ ಜರೀಗಿಡದ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಅಕ್ವೇರಿಯಂಗೂ ಪೀಠ ಕೊಟ್ಟರು. ಹಣವಿದ್ದವರು ಆಯತಾಕಾರದ ತೊಟ್ಟಿಯನ್ನು ಕೆತ್ತನೆಯ ಮೇಜಿನ ಮೇಲಿಟ್ಟರು. ಇಲ್ಲದವರು ತೋಟಗಾರರು ಸಸಿ ಮುಚ್ಚಲು ಬಳಸುವ ಗಂಟೆಯಾಕಾರದ ಗಾಜನ್ನು ತಲೆಕೆಳಗಾಗಿಸಿ ಮರದ ಪೀಠದಲ್ಲಿ ಕೂರಿಸಿದರು. ತಮಾಷೆಯೆಂದರೆ, ಬಾಯಿ ಅಗಲವಾಗಿದ್ದ ಕಾರಣ ಬಡವರ ಈ ಪಾತ್ರೆ ಗುಂಡು ಬುರುಡೆಗಿಂತ ಎಷ್ಟೋ ಮೇಲಾಗಿತ್ತು.

ಲಂಡನ್ನಿನ ಪೋರ್ಟ್‌ಲ್ಯಾಂಡ್ ರಸ್ತೆಯಲ್ಲಿ ಅಕ್ವೇರಿಯಂ ಮಳಿಗೆ ಇಟ್ಟಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್ ಈ ಹುಚ್ಚಿನ ಏರಿಳಿತ ಎರಡನ್ನೂ ಕಂಡವರು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ಈ ವ್ಯಾಪಾರಕ್ಕೆ ಬಂದ ಅವರು 1862ರಲ್ಲಿ ದಿವಾಳಿಯಾದರು. ಆಮೇಲೆ ಹ್ಯಾಂಬರ್ಗ್‌ನಲ್ಲಿ, ಕೊನೆಗೆ 1870ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸಾರ್ವಜನಿಕ ಮತ್ಸ್ಯಾಲಯ ಕಟ್ಟುವ ಕೆಲಸಕ್ಕೆ ನಿಂತರು. ಅಲ್ಲಿ ಅವರು ಬಳಸಿದ ಉಪಾಯ ಸರಳ: ನೆಲದಡಿ ಕತ್ತಲಲ್ಲಿ ತಣ್ಣಗಿರುವ ದೊಡ್ಡ ಜಲಾಶಯ, ಮೇಲೆ ಅದಕ್ಕಿಂತ ಎಷ್ಟೋ ಚಿಕ್ಕದಾದ ಪ್ರದರ್ಶನ ತೊಟ್ಟಿಗಳು, ಎರಡರ ನಡುವೆ ಹಬೆಯಂತ್ರ ನಿರಂತರವಾಗಿ ತಿರುಗಿಸುವ ನೀರು. ಇಂದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅಡಗಿಸಿಡುವ ಸಂಪ್ ಇದೇ ಉಪಾಯದ ಮನೆ ಗಾತ್ರದ ರೂಪ. ಪಡಸಾಲೆಯಲ್ಲಿ ಅಂಥ ಯಂತ್ರ ಇರಲಿಲ್ಲ. 1868ರಲ್ಲಿ ಜೆ. ಜಿ. ವುಡ್ ಬರೆದ ಪ್ರಕಾರ ಅಷ್ಟರಲ್ಲಾಗಲೇ ಹತ್ತರಲ್ಲಿ ಒಂಬತ್ತು ತೊಟ್ಟಿಗಳು ಮೂಲೆ ಸೇರಿದ್ದವು.

ಸಿಹಿನೀರಿನ ತೊಟ್ಟಿಯ ಚರಿತ್ರೆ ಮುಂದುವರಿದದ್ದು ಜರ್ಮನಿಯಲ್ಲಿ. ಎಮಿಲ್ ಅಡಾಲ್ಫ್ ರೋಸ್‌ಮೆಸ್ಲರ್ 1856ರಲ್ಲಿ ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ಬರೆದ ಲೇಖನ ಅಲ್ಲಿನ ಮನೆಮನೆಗೆ ಈ ಹವ್ಯಾಸ ಮುಟ್ಟಿಸಿತು. 1869ರಲ್ಲಿ ಚೀನಾದಿಂದ ಪ್ಯಾರಿಸ್ಸಿಗೆ ಪ್ಯಾರಡೈಸ್ ಮೀನು ಬಂತು. ಪಿಯೇರ್ ಕಾರ್ಬೊನ್ಯೆ ಅದರ ಮರಿ ಮಾಡಿಸಿದರು. ಗದ್ದೆ, ಹಳ್ಳಗಳ ಮೀನಾದ ಇದಕ್ಕೆ ತಲೆಯೊಳಗೆ ಹೆಚ್ಚುವರಿ ಉಸಿರಾಟದ ಅಂಗವಿದೆ. ಅದು ಮೇಲೆ ಬಂದು ನೇರ ಗಾಳಿಯನ್ನೇ ನುಂಗುತ್ತದೆ, ಗಂಡು ನೀರಿನ ಮೇಲೆ ನೊರೆಗೂಡು ಕಟ್ಟುತ್ತದೆ. ಇದನ್ನೂ ಇದರ ನಂಟರಾದ ಗೌರಾಮಿ, ಬೆಟ್ಟಾಗಳನ್ನೂ ಮರಿ ಮಾಡಿಸುವವರು ನೀರನ್ನು ಒಂದು ಗೇಣಿಗಿಂತ ಕೆಳಗೆ ಇಳಿಸುವ ರೂಢಿ ಬೆಳೆಸಿಕೊಂಡರು. ಬರ್ಲಿನ್ನಿನಲ್ಲಿ 1888ರಲ್ಲಿ ಟ್ರೈಟಾನ್ ಎಂಬ ಹವ್ಯಾಸಿಗಳ ಸಂಘ ಹುಟ್ಟುವ ಹೊತ್ತಿಗೆ ಬಿಸಿ ನಾಡುಗಳ ಮೀನು ಹಡಗಿನಲ್ಲಿ ಬರುವುದು ಆರಂಭವಾಗಿತ್ತು.

ಚಳಿ ದೇಶದಲ್ಲಿ ಆ ಮೀನು ಬದುಕಲು ಶಾಖ ಬೇಕು. ಕಬ್ಬಿಣದ ಕೋನಪಟ್ಟಿಯ ಚೌಕಟ್ಟು, ಪುಟ್ಟಿ ಮೆತ್ತಿ ಕೂರಿಸಿದ ಗಾಜು, ತಳಕ್ಕೆ ಸ್ಲೇಟು. ಆ ಸ್ಲೇಟಿನ ಕೆಳಗೆ ಎಣ್ಣೆ ದೀಪ ಅಥವಾ ಸಣ್ಣ ಗ್ಯಾಸ್ ಉರಿ. ತೊಟ್ಟಿಯನ್ನು ಬರಿದು ಮಾಡಿ ಕೆಲವು ದಿನ ಬಿಟ್ಟರೆ ಪುಟ್ಟಿ ಒಣಗಿ ಬಿರಿಯುತ್ತಿತ್ತು, ಮತ್ತೆ ತುಂಬಿದಾಗ ಸೋರುತ್ತಿತ್ತು. ನೀರು ಆಳವಾದಷ್ಟೂ ಸೋರಿಕೆಯ ಭಯ ಹೆಚ್ಚು, ಏಕೆಂದರೆ ಉದ್ದ ಅಷ್ಟೇ ಇದ್ದು ಆಳ ಇಮ್ಮಡಿಯಾದರೆ ಮುಂದಿನ ಗಾಜನ್ನು ತಳ್ಳುವ ಒಟ್ಟು ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಆ ಕಾಲದ ತೊಟ್ಟಿ ತಗ್ಗಾಗಿ, ಅಗಲವಾಗಿ ಉಳಿಯಲು ಮೀನಿನ ಉಸಿರಿನ ಜೊತೆಗೆ ಕಮ್ಮಾರನ ಮಿತಿಯೂ ಕಾರಣ.

20ನೇ ಶತಮಾನದ ಮೊದಲಾರ್ಧದ ಕೈಪಿಡಿಗಳು ಮೀನಿನ ಸಂಖ್ಯೆಯನ್ನು ಲೀಟರಿನಲ್ಲಿ ಹೇಳುತ್ತಿರಲಿಲ್ಲ, ನೀರಿನ ಮೇಲ್ಮೈಯಲ್ಲಿ ಹೇಳುತ್ತಿದ್ದವು. ಬಿಸಿ ನಾಡಿನ ಸಣ್ಣ ಮೀನಿಗೆ ಮೈಯ ಪ್ರತಿ ಇಂಚು ಉದ್ದಕ್ಕೆ 10ರಿಂದ 12 ಚದರ ಇಂಚು ಮೇಲ್ಮೈ, ಗೋಲ್ಡ್‌ಫಿಶ್‌ಗೆ ಅದರ ಎರಡು ಮೂರು ಪಟ್ಟು ಎಂಬುದು ಸಾಮಾನ್ಯ ಸೂತ್ರ. ಆ ಬಳಿಕ ವಿದ್ಯುತ್ ಗಾಳಿಪಂಪು ಮನೆಗಳಿಗೆ ಬಂತು. ಪಂಪಿನ ಗುಳ್ಳೆಗಳು ಮಾಡುವ ದೊಡ್ಡ ಉಪಕಾರ ಎಂದರೆ ತಳದ ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಸದಾ ಕದಡುವುದು. ಆಳದ ತೊಟ್ಟಿಯಲ್ಲೂ ಮೀನು ಬದುಕತೊಡಗಿತು. ಅಮೆಜಾನಿನ ಏಂಜೆಲ್ ಮೀನು ಶತಮಾನದ ಆರಂಭದಲ್ಲೇ ಯುರೋಪಿಗೆ ಬಂದಿತ್ತು; ಚಪ್ಪಟೆ ಮೈಯ, ಮೇಲೆ ಕೆಳಗೆ ಉದ್ದ ರೆಕ್ಕೆ ಚಾಚುವ ಈ ಮೀನಿಗೆ ಎತ್ತರದ ತೊಟ್ಟಿ ನಿಜಕ್ಕೂ ಬೇಕು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದು ಚೌಕಟ್ಟನ್ನೇ ತೆಗೆದುಹಾಕಿತು. ಗಾಜಿಗೆ ಗಾಜನ್ನೇ ಅಂಟಿಸಿ ಬೇಕಾದ ಅಳತೆಯಲ್ಲಿ ತೊಟ್ಟಿ ಕಟ್ಟಬಹುದಾಯಿತು. ಕಡಿಮೆ ಜಾಗದಲ್ಲಿ ಹೆಚ್ಚು ನೀರು ತೋರಿಸುವ ಎತ್ತರದ ಪೆಟ್ಟಿಗೆ, ಷಟ್ಕೋನ, ಕಂಬದಂಥ ತೊಟ್ಟಿ ಎಲ್ಲವೂ ಹೋಟೆಲ್, ಕಚೇರಿ, ಪಡಸಾಲೆಗಳಿಗೆ ನುಗ್ಗಿದವು. ಪಂಪು ನಡೆಯುವವರೆಗೆ ಎಲ್ಲವೂ ಸರಿ. ಕರೆಂಟು ಹೋದ ರಾತ್ರಿ ಹಳೆಯ ಸೂತ್ರ ಮತ್ತೆ ಜಾರಿಗೆ ಬರುತ್ತದೆ.

ಅಮೆರಿಕದ ಮಾರುಕಟ್ಟೆಯಲ್ಲಿ ಈ ಎರಡು ಮನಸ್ಸು ಒಂದೇ ಹೆಸರಿನಲ್ಲಿ ಉಳಿದುಕೊಂಡಿದೆ. ಅಲ್ಲಿ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್ ಎಂದು ಮಾರುವ ತೊಟ್ಟಿಯಲ್ಲಿ ‘ಹೈ’, ‘ಲಾಂಗ್’ ಎಂಬ ಎರಡು ಬಗೆ. ಮೊದಲನೆಯದು 24 ಇಂಚು ಉದ್ದ, 12 ಅಗಲ, 16 ಎತ್ತರ. ಎರಡನೆಯದು 30 ಇಂಚು ಉದ್ದ, 12 ಅಗಲ, 12 ಎತ್ತರ. ನೀರು ಹೆಚ್ಚುಕಡಿಮೆ ಅಷ್ಟೇ. ಮೇಲ್ಮೈ ಮಾತ್ರ 288 ಚದರ ಇಂಚಿನಿಂದ 360ಕ್ಕೆ, ಕಾಲು ಪಾಲಿನಷ್ಟು ಹೆಚ್ಚು. ಮರಿ ಮಾಡಿಸುವವರಿಗಾಗಿ ರೂಢಿಗೆ ಬಂದ 40 ಗ್ಯಾಲನ್ನಿನ ‘ಬ್ರೀಡರ್’ ತೊಟ್ಟಿ 36 ಇಂಚು ಉದ್ದ, 18 ಅಗಲ, 16 ಎತ್ತರವಿದ್ದು, ಇಂದು ಮನೆಗಳಲ್ಲೂ ಜನಪ್ರಿಯ. ಮೀನನ್ನು ಹೊಟ್ಟೆಪಾಡಿಗೆ ಬೆಳೆಸುವವರು ಎತ್ತರದ ತೊಟ್ಟಿಯ ಮೋಹಕ್ಕೆ ಎಂದೂ ಬೀಳಲಿಲ್ಲ ಎಂಬುದು ಗಮನಿಸತಕ್ಕದ್ದು.

ತಗ್ಗು ತೊಟ್ಟಿಗೆ ಪಡಸಾಲೆಯಲ್ಲಿ ಮತ್ತೆ ಮರ್ಯಾದೆ ತಂದವರು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ನಿಗಾತಾದಲ್ಲಿ ಹುಟ್ಟಿ, ವೃತ್ತಿಪರ ಸೈಕಲ್ ಸ್ಪರ್ಧಿಯಾಗಿದ್ದು, ಛಾಯಾಗ್ರಾಹಕರಾಗಿ ಬೆಳೆದ ಅವರು 1982ರಲ್ಲಿ ತಮ್ಮ ಕಂಪನಿ ಕಟ್ಟಿದರು. 1990ರ ದಶಕದಲ್ಲಿ ಅವರ ಚಿತ್ರಪುಸ್ತಕಗಳು ಜಗತ್ತಿನೆಲ್ಲೆಡೆ ಹೋದವು. ತೊಟ್ಟಿಯನ್ನು ಅವರು ಭೂದೃಶ್ಯದಂತೆ ಕಂಡರು: ಕೆಲವೇ ಕಲ್ಲು, ತಳಕ್ಕೆ ಹಾಸಿದ ಹುಲ್ಲಿನಂಥ ಗಿಡ, ಖಾಲಿ ಬಿಟ್ಟ ನೀರು. ಇಂಥ ದೃಶ್ಯಕ್ಕೆ ಅಡ್ಡಗಲ ಬೇಕು, ಎತ್ತರ ಬೇಡ. ತಳದ ಗಿಡಕ್ಕೆ ಬೆಳಕು ಮುಟ್ಟಬೇಕು; ಕತ್ತರಿ ಹಿಡಿದ ಕೈ ತಳದವರೆಗೆ ಸಲೀಸಾಗಿ ಇಳಿಯಬೇಕು. ಅವರ ಕಂಪನಿಯ ಹೆಸರಾಂತ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ್ದು. ಅದೇ ಉದ್ದಗಲಕ್ಕೆ 18 ಸೆಂಟಿಮೀಟರ್ ಮಾತ್ರ ಎತ್ತರವಿರುವ ಇನ್ನೊಂದೂ ಇದೆ. ಮುಚ್ಚಳ, ಚೌಕಟ್ಟು ಇಲ್ಲದ ಇದರಲ್ಲಿ ಗಿಡ ನೀರಿನಿಂದ ಮೇಲೆದ್ದು ಹೂಬಿಡುತ್ತದೆ. ಲಿಸ್ಬನ್ನಿನ ಮತ್ಸ್ಯಾಲಯದಲ್ಲಿ 2015ರಲ್ಲಿ ತೆರೆದ ಅವರ ಕೊನೆಯ ದೊಡ್ಡ ಕೃತಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ತೊಟ್ಟಿ. ಅದೇ ವರ್ಷ ಅವರು ತೀರಿಕೊಂಡರು.

ಕರ್ನಾಟಕದಲ್ಲಿ ಮೀನನ್ನು ಮೇಲಿನಿಂದ ನೋಡುವ ರೂಢಿ ಗಾಜಿನ ತೊಟ್ಟಿಗಿಂತ ಬಹಳ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಶಿಶಿಲದಲ್ಲಿ ಕಪಿಲೆಯ ದಡದಲ್ಲಿ ಭಕ್ತರು ಎಸೆದ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನು ಕಾಣುವುದು ಬೆನ್ನಿನಿಂದಲೇ. ಗಾಜಿನ ಹಿಂದಿನ ಮೀನು ಭಾರತದ ಸಾಮಾನ್ಯ ಜನರಿಗೆ ಪರಿಚಯವಾದದ್ದು ಸಾರ್ವಜನಿಕ ಮತ್ಸ್ಯಾಲಯಗಳಿಂದ. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿ ತೆರೆಯಿತು, ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ.

ಉದ್ದ ತೊಟ್ಟಿಯ ಅಗತ್ಯವನ್ನು ತೋರಿಸಿಕೊಡುವ ಮೀನೊಂದು ಪಶ್ಚಿಮ ಘಟ್ಟದ್ದೇ. ಕೇರಳ ಮತ್ತು ದಕ್ಷಿಣ ಕರ್ನಾಟಕದ ತೊರೆಗಳ ಡೆನಿಸನ್ ಬಾರ್ಬ್ ಅನ್ನು ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿದರು. ವ್ಯಾಪಾರದಲ್ಲಿ ಅದು ‘ಮಿಸ್ ಕೇರಳ’. ಮೂಗಿನಿಂದ ಬಾಲದವರೆಗೆ ಕಪ್ಪು ಪಟ್ಟೆ, ಅದರ ಮೇಲೆ ಮೈಯ ಅರ್ಧದವರೆಗೆ ಕೆಂಪು ಗೆರೆ. 1997ರಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಮೇಳದಲ್ಲಿ ಅದು ಗಮನ ಸೆಳೆದ ಮೇಲೆ ಬೇಡಿಕೆ ವಿಪರೀತ ಏರಿತು, ತೊರೆಗಳು ಬರಿದಾದವು. ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. 15 ಸೆಂಟಿಮೀಟರ್‌ವರೆಗೆ ಬೆಳೆದು, ಗುಂಪಾಗಿ ಓಡುವ ಈ ಮೀನಿಗೆ ನಾಲ್ಕು ಅಡಿ ಉದ್ದಕ್ಕಿಂತ ಕಡಿಮೆಯ ತೊಟ್ಟಿ ಸಲ್ಲದು. ತೊರೆಯ ಮೀನು ಮೇಲೆ ಕೆಳಗೆ ಓಡಾಡುವುದಿಲ್ಲ, ಅಡ್ಡಡ್ಡ ಓಡುತ್ತದೆ. ಎರಡಡಿ ಎತ್ತರದ ನೀರು ಅದಕ್ಕೆ ಪ್ರಯೋಜನಕ್ಕಿಲ್ಲ.

ಕರ್ನಾಟಕದ ಪಟ್ಟಣಗಳ ಅಕ್ವೇರಿಯಂ ಅಂಗಡಿಗಳಲ್ಲಿ ಹೇಳಿದ ಅಳತೆಗೆ ಗಾಜು ಕೊಯ್ದು ಅಂಟಿಸಿಕೊಡುವವರಿದ್ದಾರೆ. ಆದ್ದರಿಂದ ಸಿದ್ಧ ತೊಟ್ಟಿಯ ಎತ್ತರಕ್ಕೆ ಕಟ್ಟುಬೀಳಬೇಕಾಗಿಲ್ಲ. ಪಡಸಾಲೆಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರ ಒಳ್ಳೆಯ ಅಳತೆ. 10 ಇಂಚಿನವರೆಗೆ ತುಂಬಿದರೆ ಸುಮಾರು 106 ಲೀಟರ್ ನೀರು ಹಿಡಿಯುತ್ತದೆ, ಮೇಲ್ಮೈ 648 ಚದರ ಇಂಚು ಸಿಗುತ್ತದೆ. ನೀರು, ಗಾಜು, ಮರಳು, ಕಲ್ಲು ಸೇರಿ ತೂಕ ಒಂದೂವರೆ ಕ್ವಿಂಟಲ್ ಮುಟ್ಟಬಹುದಾದ್ದರಿಂದ ಪೀಠ ಗಟ್ಟಿಯಾಗಿ, ಮಟ್ಟಸವಾಗಿರಬೇಕು. ತಗ್ಗು ತೊಟ್ಟಿಗೂ ತೊಂದರೆಗಳಿವೆ: ನೀರು ಬೇಗ ಆವಿಯಾಗುತ್ತದೆ, ಬೇಸಿಗೆಯಲ್ಲಿ ಬೇಗ ಕಾಯುತ್ತದೆ, ಏಂಜೆಲ್ ಮೀನಿಗೆ ಇದು ಆಗದು, ವ್ಯಾಲಿಸ್ನೇರಿಯಾದ ಎಲೆ ಮೇಲೆ ಬಂದು ಮಡಚಿಕೊಂಡು ಉಳಿದ ಗಿಡಕ್ಕೆ ನೆರಳು ಮಾಡುತ್ತದೆ. ಬಾಯಿ ಅಗಲವಾದ್ದರಿಂದ ಮೀನು ಹಾರಿ ಹೊರಗೆ ಬೀಳುವುದೂ ಹೆಚ್ಚು. ಡೆನಿಸನ್ ಬಾರ್ಬ್ ತರುವವರು ತೊಟ್ಟಿಯ ಜೊತೆಗೇ ಬಲೆಯ ಮುಚ್ಚಳವನ್ನೂ ಮಾಡಿಸಿಕೊಳ್ಳಬೇಕು.